ಬೀಗ ಹಾಕಿದ ಪೆಟ್ಟಿಗೆ ನಮಗೆ ಬೇಡ

ಹಳೆಯ ವಿದ್ಯಾರ್ಥಿಗಳ ವಾಟ್ಸಾಪ್ ಗುಂಪಿನಲ್ಲಿ ಕಳೆದ ತಿಂಗಳು ನಡೆದ ಚರ್ಚೆಯನ್ನು ನೀವೆಲ್ಲ ನೋಡಿದ್ದೀರಿ. ಬೆಳಗೋಡಿನ ಸುತ್ತಲಿನ ಸರ್ಕಾರಿ ಶಾಲೆಗಳಿಗೆ ಎಲ್ಲರೂ ಸೇರಿ ಒಂದೊಂದು 'ಸ್ಮಾರ್ಟ್ ಕ್ಲಾಸ್' ಕೊಡಿಸೋಣ ಎಂದು ಬೆಂಗಳೂರಿನವರು ಹೇಳಿದರು, ಅಮೆರಿಕದಲ್ಲಿರುವವರು ಅನುಮೋದಿಸಿದರು, ಹಾಸನದಲ್ಲಿರುವ ಒಬ್ಬನು ಕೊಟೇಶನ್ನನ್ನೂ ತರಿಸಿ ಹಾಕಿದ. ನಾನು 'ಬೇಡ' ಎಂದಷ್ಟೇ ಬರೆದೆ. ಅದಕ್ಕೆ ಕೆಲವರು ಮುನಿದರು. ಒಬ್ಬನಂತೂ ಫೋನು ಮಾಡಿ, "ಮೇಷ್ಟ್ರೇ, ನೀವೇ ಹೀಗಂದ್ರೆ ಹೇಗೆ? ನಮಗೆ ಕಂಪ್ಯೂಟರ್ ಅಂದ್ರೆ ಏನು ಅಂತ ಮೊದಲು ಹೇಳಿದವರೇ ನೀವು" ಎಂದ. ಅವನ ಮಾತಿನಲ್ಲಿ ನೋವಿತ್ತು. ಆದುದರಿಂದ 'ಬೇಡ' ಎಂಬ ಆ ಒಂದು ಪದದ ಹಿಂದಿರುವ ತಕರಾರನ್ನು ವಿಸ್ತಾರವಾಗಿ ಬರೆಯುವುದು ನನ್ನ ಕರ್ತವ್ಯವೆಂದು ಭಾವಿಸಿದ್ದೇನೆ. ದೀರ್ಘವಾದರೆ ಸಹಿಸಿಕೊಳ್ಳಿ. ತರಗತಿಯಲ್ಲಿ ನಲವತ್ತು ನಿಮಿಷ ಸಹಿಸಿಕೊಂಡವರಲ್ಲವೆ ನೀವು!

ಮೊದಲು ಒಂದು ಹಳೆಯ ಸಂಗತಿ. 1984-85ರಲ್ಲಿ ಕೇಂದ್ರ ಸರ್ಕಾರವು 'ಕ್ಲಾಸ್' ಎಂಬ ಹೆಸರಿನ ಯೋಜನೆಯೊಂದನ್ನು ಆರಂಭಿಸಿ ಆಯ್ದ ಶಾಲೆಗಳಿಗೆ ಬಿಬಿಸಿ ಮೈಕ್ರೋ ಎಂಬ ಕಂಪ್ಯೂಟರುಗಳನ್ನು ಕೊಟ್ಟಿತು. ಬ್ರಿಟನ್ನಿನಲ್ಲಿ ಏಕಾರ್ನ್ ಎಂಬ ಕಂಪನಿ 1981ರಲ್ಲಿ ಕಲಿಕೆಗೆಂದೇ ತಯಾರಿಸಿದ ಯಂತ್ರವದು. ಆ ಕಾಲದಲ್ಲಿ ನಾನೊಂದು ಶಾಲೆಗೆ ಪರೀಕ್ಷಾ ಕಾರ್ಯಕ್ಕೆ ಹೋಗಿದ್ದಾಗ ಅದನ್ನು ಕಣ್ಣಾರೆ ಕಂಡೆ. ಕಂಡದ್ದು ಯಂತ್ರವನ್ನಲ್ಲ, ಅದರ ಮೇಲೆ ಹೊದಿಸಿದ್ದ ಕಸೂತಿ ಬಟ್ಟೆಯನ್ನು! ಚಪ್ಪಲಿ ಬಿಟ್ಟು ಒಳಗೆ ಹೋಗಬೇಕಿತ್ತು, ಬೀಗದ ಕೈ ಮುಖ್ಯೋಪಾಧ್ಯಾಯರ ಜೇಬಿನಲ್ಲಿತ್ತು. ಮುಂದೆ 2001ರ ಸುಮಾರಿಗೆ ನಮ್ಮ ರಾಜ್ಯದ ಪ್ರೌಢಶಾಲೆಗಳಿಗೆ 'ಮಾಹಿತಿ ಸಿಂಧು' ಬಂದಿತು. 2004ರ ಸೆಪ್ಟೆಂಬರಿನಲ್ಲಿ 'ಎಜುಸ್ಯಾಟ್' ಉಪಗ್ರಹವೇ ಆಕಾಶಕ್ಕೇರಿತು. ಇವುಗಳಿಂದ ಪ್ರಯೋಜನವೇ ಆಗಲಿಲ್ಲವೆಂದರೆ ಅದು ಕೃತಘ್ನತೆಯಾದೀತು. ಆದರೆ ಒಂದು ಸಂಗತಿಯನ್ನು ನಾನು ಮತ್ತೆ ಮತ್ತೆ ಕಂಡಿದ್ದೇನೆ: ಪೆಟ್ಟಿಗೆ ಕೆಟ್ಟ ದಿನ ಅದನ್ನು ತೆರೆದು ನೋಡುವ ಅಧಿಕಾರವಾಗಲಿ ಧೈರ್ಯವಾಗಲಿ ಊರಿನಲ್ಲಿ ಯಾರಿಗೂ ಇರುತ್ತಿರಲಿಲ್ಲ. ದೂರದಿಂದ ಮೆಕ್ಯಾನಿಕ್ ಬರಬೇಕು, ಅವನು ಬರುವಷ್ಟರಲ್ಲಿ ಇಲಿ ವೈರನ್ನು ಕಡಿದಿರುತ್ತದೆ.

ಎರಡು ವರ್ಷದ ಹಿಂದೆ ನಮ್ಮ ಪಕ್ಕದ ಹೋಬಳಿಯ ಶಾಲೆಯೊಂದರಲ್ಲಿ ಗೋಡೆಯಗಲದ ಟಿವಿಯೊಂದನ್ನು ನೋಡಿದೆ. ದಾನಿಗಳ ಹೆಸರು ಅದರ ಕೆಳಗೆ ಅಚ್ಚಾಗಿತ್ತು. ಚಂದಾದಾರಿಕೆಯ ಅವಧಿ ಮುಗಿದುದರಿಂದ ಪಾಠಗಳು ತೆರೆದುಕೊಳ್ಳುತ್ತಿರಲಿಲ್ಲ. ಪಾಸ್‌ವರ್ಡ್ ಕಂಪನಿಯವರ ಬಳಿ ಇತ್ತು. ಮಕ್ಕಳು ಅದರಲ್ಲಿ ತಮ್ಮ ಪ್ರತಿಬಿಂಬ ನೋಡಿಕೊಂಡು ತಲೆ ಬಾಚಿಕೊಳ್ಳುತ್ತಿದ್ದರು. ನೀವು ತರಿಸಿದ ಕೊಟೇಶನ್ನಿನಲ್ಲಿಯೂ ನಾಲ್ಕನೆಯ ಪುಟದಲ್ಲಿ ಸಣ್ಣ ಅಕ್ಷರದಲ್ಲಿ ಅದೇ 'ಮೂರು ವರ್ಷದ ಚಂದಾ' ಇದೆ. ಓದಿದಿರಾ?

'ಹಾಗಾದರೆ ನೀವು ಏನು ಮಾಡುತ್ತೀರಿ?' ಎಂದು ಕೇಳುವುದು ನ್ಯಾಯ. ಈ ಮಳೆಗಾಲದಲ್ಲಿ ನನ್ನ ಮನೆಯ ಜಗುಲಿಯ ಮೇಲೆ ನಾನು ಮಾಡಿದ್ದನ್ನು ಹೇಳುತ್ತೇನೆ.

ನನ್ನ ಮೊಮ್ಮಗ ಇಂಜಿನಿಯರಿಂಗ್ ಓದುತ್ತಿದ್ದಾಗ ಬಳಸಿ ಬಿಟ್ಟಿದ್ದ 'ರಾಸ್ಪ್‌ಬೆರಿ ಪೈ' ಎಂಬ ಪುಟ್ಟ ಕಂಪ್ಯೂಟರೊಂದು ಮೇಜಿನ ಖಾನೆಯಲ್ಲಿತ್ತು. ಇಸ್ಪೀಟಿನ ಎಲೆಯಷ್ಟು ಅಗಲದ ಒಂದೇ ಹಲಗೆ, ಅದರಲ್ಲಿಯೇ ಪ್ರೊಸೆಸರು, ಮೆಮೊರಿ, ಸಕಲವೂ. ಇದರ ಹುಟ್ಟಿನ ಕಥೆಯನ್ನು ನೀವು ತಿಳಿಯಬೇಕು. ಕೇಂಬ್ರಿಡ್ಜಿನಲ್ಲಿ ಎಬೆನ್ ಅಪ್ಟನ್ ಮತ್ತು ಅವರ ಜೊತೆಗಾರರು, ವಿಶ್ವವಿದ್ಯಾನಿಲಯಕ್ಕೆ ಕಂಪ್ಯೂಟರ್ ವಿಜ್ಞಾನ ಓದಲು ಬರುವ ಹುಡುಗರ ಸಂಖ್ಯೆ ಕುಸಿಯುತ್ತಿರುವುದನ್ನೂ, ಬಂದವರಿಗೂ ಯಂತ್ರವನ್ನು ಬಿಚ್ಚಿ ಕೆದಕಿದ ಅನುಭವವಿಲ್ಲದಿರುವುದನ್ನೂ ಗಮನಿಸಿದರು. ಹಿಂದಿನ ತಲೆಮಾರಿಗೆ ಬಿಬಿಸಿ ಮೈಕ್ರೋ ಮಾಡಿದ ಉಪಕಾರವನ್ನು ಈ ತಲೆಮಾರಿಗೆ ಯಾರು ಮಾಡುತ್ತಾರೆಂದು ಚಿಂತಿಸಿ, 2012ರ ಫೆಬ್ರವರಿ 29ರಂದು 35 ಡಾಲರಿನ ಈ ಹಲಗೆಯನ್ನು ಹೊರತಂದರು. ಅದರ ಮಾದರಿಗಳಿಗೆ 'ಎ', 'ಬಿ' ಎಂದು ಹೆಸರಿಟ್ಟದ್ದು ಬಿಬಿಸಿ ಮೈಕ್ರೋದ ನೆನಪಿಗೆ. ಕಸೂತಿ ಬಟ್ಟೆಯ ಕೆಳಗೆ ನಾನು ಕಾಣದೆ ಹೋದ ಯಂತ್ರದ ಮೊಮ್ಮಗುವೇ ನನ್ನ ಮೊಮ್ಮಗನ ಮೂಲಕ ನನ್ನ ಮೇಜಿನ ಖಾನೆಗೆ ಬಂದು ಕುಳಿತಿತ್ತು!

2016ರಲ್ಲಿ ಬಂದ ಮೂರನೆಯ ಪೈ ಅದು, ವೈ-ಫೈ ಅದರೊಳಗೇ ಇದೆ. ಸಾಮಾನ್ಯವಾಗಿ ಈ ವೈ-ಫೈ ನಮ್ಮ ಫೋನಿನಂತೆ ಬೇರೊಂದು ಜಾಲಕ್ಕೆ ಹೋಗಿ ಸೇರಿಕೊಳ್ಳುತ್ತದೆ. ಅದನ್ನು ತಿರುಗಿಸಿ, ಫೋನುಗಳೇ ಬಂದು ಇದಕ್ಕೆ ಸೇರುವಂತೆ ಮಾಡಬಹುದು. ಆಗ ಅದು 'ಆಕ್ಸೆಸ್ ಪಾಯಿಂಟ್', ಅಂದರೆ ಪ್ರವೇಶದ ಬಾಗಿಲು. ಹಿಂದೆ ಇದಕ್ಕೆ ಎರಡು ತಂತ್ರಾಂಶಗಳನ್ನು ಕೈಯಾರೆ ಹೊಂದಿಸಬೇಕಿತ್ತು. 'ಹೋಸ್ಟ್‌ಎಪಿಡಿ' ಎಂಬುದು ಬಾಗಿಲಲ್ಲಿ ನಿಂತು ಜಾಲದ ಹೆಸರನ್ನು ಕೂಗುತ್ತದೆ, ಬಂದವರ ಪಾಸ್‌ವರ್ಡನ್ನು ವಿಚಾರಿಸುತ್ತದೆ. 'ಡಿಎನ್‌ಎಸ್‌ಮಾಸ್ಕ್' ಎಂಬುದು ಒಳಗೆ ಬಂದ ಪ್ರತಿ ಫೋನಿಗೂ ಒಂದು ಮನೆ ನಂಬರು ಕೊಡುತ್ತದೆ, ಯಾರ ಹೆಸರು ಯಾವ ನಂಬರಿನಲ್ಲಿದೆ ಎಂದು ಕೇಳಿದರೆ ಹೇಳುತ್ತದೆ. 2023ರ ಅಕ್ಟೋಬರಿನಲ್ಲಿ ಬಂದ ಆವೃತ್ತಿಯಿಂದೀಚೆಗೆ 'ನೆಟ್‌ವರ್ಕ್ ಮ್ಯಾನೇಜರ್' ಎಂಬುದು ಈ ಎರಡೂ ಕೆಲಸವನ್ನು ಒಂದೇ ಆಜ್ಞೆಯಲ್ಲಿ ನಡೆಸಿಕೊಡುತ್ತದೆ. ಆದರೂ ನಾನು ಹಠ ಹಿಡಿದು ಹಳೆಯ ದಾರಿಯಲ್ಲಿಯೇ ಮಾಡಿದೆ. ಪಕ್ಕದ ಮನೆಯ ಡಿಪ್ಲೊಮಾ ಓದುವ ಹುಡುಗಿ ಕೀಲಿ ಒತ್ತಿದಳು, ನಾನು ಗಟ್ಟಿಯಾಗಿ ಓದಿ ಹೇಳಿದೆ. ದೇಶದ ಸಂಕೇತವನ್ನು 'ಐಎನ್' ಎಂದು ನಮೂದಿಸುವ ತನಕ ಈ ಯಂತ್ರ ತನ್ನ ರೇಡಿಯೋವನ್ನು ತೆರೆಯುವುದೇ ಇಲ್ಲ ಎಂಬುದನ್ನು ತಿಳಿಯಲು ನಮಗೆ ಒಂದು ಇಡೀ ಸಂಜೆ ಬೇಕಾಯಿತು.

ಇಲ್ಲಿ ಒಂದು ಉಪಕಥೆ. ನನ್ನ ತಂದೆಯವರ ಕಾಲದಲ್ಲಿ ರೇಡಿಯೋ ಕೇಳುವುದಕ್ಕೂ ಲೈಸೆನ್ಸ್ ಬೇಕಿತ್ತು. ಅಂಚೆ ಕಚೇರಿಗೆ ಹೋಗಿ ಪುಸ್ತಕದಲ್ಲಿ ಸ್ಟಾಂಪು ಹಚ್ಚಿಸಿಕೊಂಡು ಬರಬೇಕು. 1980ರ ದಶಕದ ನಡುವಿನಲ್ಲಿ ಆ ಪದ್ಧತಿ ಹೋಯಿತು. ಇಂದು ನನ್ನ ಜಗುಲಿಯಿಂದ ನಾನೇ ಒಂದು ಸಣ್ಣ ಪ್ರಸಾರ ನಡೆಸುತ್ತಿದ್ದೇನೆ, ಯಾರನ್ನೂ ಕೇಳಬೇಕಾಗಿಲ್ಲ. ಏಕೆಂದರೆ 2005ರ ಜನವರಿಯ ಕೇಂದ್ರ ಸರ್ಕಾರದ ನಿಯಮಗಳು 2.4 ಗಿಗಾಹರ್ಟ್ಸ್ ಪಟ್ಟಿಯ ಕಡಿಮೆ ಶಕ್ತಿಯ ಉಪಕರಣಗಳಿಗೆ ಪರವಾನಗಿ ಬೇಡವೆಂದಿವೆ. ಗಾಳಿಯ ಆ ಒಂದು ಪಟ್ಟಿ ಗೋಮಾಳವಿದ್ದಂತೆ. ಗೋಮಾಳವಿದ್ದೂ ನಮ್ಮ ಹಸುಗಳನ್ನು ಕಟ್ಟಿಹಾಕಿ ಪೇಟೆಯ ಪ್ಯಾಕೆಟ್ ಹಾಲು ಕೊಳ್ಳುವ ಸ್ಥಿತಿ ನಮ್ಮದಾಗಿದೆ.

ಅದಿರಲಿ. ಈ ಬಾಗಿಲಿನ ಒಳಗೆ ಏನಿದೆ? ಇಂಟರ್ನೆಟ್ ಇಲ್ಲ. ಅದನ್ನು ಬೇಕೆಂದೇ ಕೊಟ್ಟಿಲ್ಲ. 64 ಜಿಬಿಯ ಒಂದು ಮೆಮೊರಿ ಕಾರ್ಡಿನಲ್ಲಿ ಕನ್ನಡ ವಿಕಿಪೀಡಿಯ ಇದೆ, ಅದನ್ನು ಜಾಲವಿಲ್ಲದೆ ಓದಿಸುವ 'ಕಿವಿಕ್ಸ್' ಎಂಬ ತಂತ್ರಾಂಶದೊಡನೆ. ಮೈಸೂರು ವಿಶ್ವವಿದ್ಯಾನಿಲಯದ ಕನ್ನಡ ವಿಶ್ವಕೋಶದ ಲೇಖನಗಳು ಈಗ ವಿಕಿಸೋರ್ಸಿನಲ್ಲಿ ಮುಕ್ತವಾಗಿ ಸಿಗುತ್ತವೆ, ಅವುಗಳಲ್ಲಿ ಬೇಕಾದವನ್ನು ತಂದಿಟ್ಟಿದ್ದೇವೆ. ಕರ್ನಾಟಕ ಪಠ್ಯಪುಸ್ತಕ ಸಂಘದ ಪಠ್ಯಪುಸ್ತಕಗಳಿವೆ. ಪ್ರಥಮ್ ಬುಕ್ಸ್‌ನವರು 2015ರಲ್ಲಿ ಆರಂಭಿಸಿದ 'ಸ್ಟೋರಿವೀವರ್'ನ ಕನ್ನಡ ಚಿತ್ರಕಥೆಗಳಿವೆ. ಕೊಲರಾಡೊ ವಿಶ್ವವಿದ್ಯಾನಿಲಯದ 'ಫೆಟ್' ಎಂಬ ವಿಜ್ಞಾನದ ಆಟಗಳಿವೆ, ಅವುಗಳಲ್ಲಿ ಹಲವಕ್ಕೆ ಕನ್ನಡ ಅನುವಾದವೂ ಇದೆ. ಬಲ್ಬು, ಬ್ಯಾಟರಿ, ವೈರುಗಳನ್ನು ಪರದೆಯ ಮೇಲೆ ಜೋಡಿಸಿ ಓಮನ ನಿಯಮವನ್ನು ಕಣ್ಣಿಗೆ ಕಾಣಿಸಬಹುದು. ಮೂವತ್ತು ವರ್ಷ ಅದೇ ನಿಯಮವನ್ನು ಕರಿಹಲಗೆಯ ಮೇಲೆ ಸೀಮೆಸುಣ್ಣದಲ್ಲಿ ಉಜ್ಜಿದ ನನಗೆ ಅದನ್ನು ನೋಡಿ ಸ್ವಲ್ಪ ಹೊಟ್ಟೆಯುರಿಯೇ ಆಯಿತೆನ್ನಬೇಕು. ಫೋನಿನಲ್ಲಿ 192.168.4.1 ಎಂದು ಒತ್ತಿದರೆ ಇಷ್ಟೂ ತೆರೆದುಕೊಳ್ಳುತ್ತದೆ. ಒಂದು ಪೈಸೆ ಡೇಟಾ ಖರ್ಚಿಲ್ಲ.

"ಈಗ ಎಲ್ಲರ ಹತ್ತಿರವೂ ಜಿಯೋ ಇದೆಯಲ್ಲ ಮೇಷ್ಟ್ರೇ, ಈ ಆಟಿಕೆ ಯಾಕೆ?" ಎಂಬುದು ನಿಮ್ಮ ಮೊದಲ ಪ್ರಶ್ನೆ. 2016ರ ಸೆಪ್ಟೆಂಬರಿನ ನಂತರ ಡೇಟಾ ಅಗ್ಗವಾದುದು ನಿಜ. ಆದರೆ ನೀವು ಊರು ಬಿಟ್ಟು ಬಹಳ ದಿನವಾಯಿತು. ತೋಟದ ಲೈನ್ ಮನೆಗಳಲ್ಲಿ ಒಂದು ಸಂಸಾರಕ್ಕೆ ಒಂದೇ ಒಳ್ಳೆಯ ಫೋನು, ಅದು ಅಪ್ಪನ ಜೇಬಿನಲ್ಲಿ ಬೆಳಿಗ್ಗೆ ಎಂಟಕ್ಕೆ ಕೆಲಸಕ್ಕೆ ಹೋಗುತ್ತದೆ. ತಗ್ಗಿನಲ್ಲಿರುವ ಮನೆಗಳಿಗೆ ಸಿಗ್ನಲ್ ಇಳಿಯುವುದಿಲ್ಲ. ಆಷಾಢದಲ್ಲಿ ಮರ ಬಿದ್ದು ಎರಡು ದಿನ ಕರೆಂಟು ಹೋದರೆ, ಟವರಿನ ಬ್ಯಾಟರಿಯೂ ಖಾಲಿಯಾಗಿ ಇಡೀ ಹೋಬಳಿ ಮೂಕವಾಗುತ್ತದೆ. 2018ರ ಆಗಸ್ಟಿನಲ್ಲಿ ಶಿರಾಡಿ ಘಾಟಿಯ ರಸ್ತೆ, ಸಕಲೇಶಪುರ-ಸುಬ್ರಹ್ಮಣ್ಯದ ರೈಲು ಹಳಿ ಎರಡೂ ಕುಸಿದು ನಿಂತ ದಿನಗಳನ್ನು ಇಲ್ಲಿದ್ದವರಾರೂ ಮರೆತಿಲ್ಲ. ಇನ್ನು 2020-21ರ ಕೊರೊನಾ ಕಾಲ. ಸರ್ಕಾರ ಚಂದನ ವಾಹಿನಿಯಲ್ಲಿ 'ಸಂವೇದ' ಪಾಠಗಳನ್ನು ಬಿತ್ತರಿಸಿತು, ವಠಾರಗಳಲ್ಲಿ 'ವಿದ್ಯಾಗಮ' ನಡೆಸಿತು. ಅತ್ತ ಸುಳ್ಯ ತಾಲ್ಲೂಕಿನಲ್ಲಿ ರಸ್ತೆಯ ಬದಿಯಲ್ಲಿ ಕುಳಿತು ಆನ್‌ಲೈನ್ ಪಾಠ ಕೇಳುತ್ತಿದ್ದ ಮಗಳಿಗೆ ಸುರಿವ ಮಳೆಯಲ್ಲಿ ಛತ್ರಿ ಹಿಡಿದು ನಿಂತಿದ್ದ ತಂದೆಯ ಚಿತ್ರ 2021ರ ಜೂನಿನಲ್ಲಿ ದೇಶದ ತುಂಬ ಓಡಾಡಿತು. ನೀವು ಅದನ್ನು ಗುಂಪಿಗೆ ಹಾಕಿ ಕಣ್ಣೀರಿನ ಚಿಹ್ನೆ ಒತ್ತಿದಿರಿ. ಆ ಪಾಠದ ಪುಸ್ತಕ, ಆ ಪಾಠದ ಚಿತ್ರ ಊರಿನ ಶಾಲೆಯಲ್ಲಿಯೇ ಒಂದು ಪುಟ್ಟ ಹಲಗೆಯಲ್ಲಿ ಇದ್ದಿದ್ದರೆ ಅಷ್ಟು ದೂರ ಏರಿ ಬರಬೇಕಿತ್ತೇ ಎಂದು ಆಗ ಯಾರೂ ಕೇಳಲಿಲ್ಲ. ನಾನೂ ಕೇಳಲಿಲ್ಲ, ಆ ತಪ್ಪು ನನ್ನದೂ ಹೌದು.

ಎರಡನೆಯ ಪ್ರಶ್ನೆ, ಪೇಟೆಯಲ್ಲಿ ಸಿಗುವ ಸಿದ್ಧ ಪೆಟ್ಟಿಗೆಯನ್ನೇ ತಂದರೆ ಆಗದೇ, ಇದನ್ನು ಕೈಯಾರೆ ಕಟ್ಟಬೇಕೇ ಎಂಬುದು. ಇದೇ ನನ್ನ ವಾದದ ತಿರುಳು, ಆದುದರಿಂದ ಇಲ್ಲಿ ಸ್ವಲ್ಪ ನಿಲ್ಲುತ್ತೇನೆ.

ನಮ್ಮ ಪೆಟ್ಟಿಗೆ ಮೊದಲ ವಾರದಲ್ಲಿಯೇ ನಾಲ್ಕು ಸಲ ಕೆಟ್ಟಿತು. ಮೊದಲು, ಎಂಟು ಹತ್ತು ಫೋನುಗಳು ಸೇರಿದೊಡನೆ ತಾನಾಗಿ ಆರಿ ಹತ್ತಿಕೊಳ್ಳತೊಡಗಿತು. ಹುಡುಗಿಗೂ ತಿಳಿಯಲಿಲ್ಲ, ನನಗೂ ತಿಳಿಯಲಿಲ್ಲ. ಪಂಪ್‌ಸೆಟ್ ರಿಪೇರಿ ಮಾಡುವ ನಮ್ಮೂರಿನ ಒಬ್ಬಾತ ಮೋಟಾರು ನೋಡಲು ಬಂದಿದ್ದವನು, ಬಗ್ಗಿ ನೋಡಿ, "ಮೇಷ್ಟ್ರೇ, ಈ ವೈರ್ ಎಳೆ ನೋಡಿ, ದಾರ ಇದ್ದಂಗಿದೆ. ಉದ್ದ ಬೇರೆ. ವೋಲ್ಟೇಜ್ ತುದಿಗೆ ಬರೋ ಹೊತ್ಗೆ ಸತ್ತೋಗಿರುತ್ತೆ. ಬಾವಿ ಮೋಟಾರಿಗೆ ಸಣ್ಣ ವೈರ್ ಹಾಕಿದ್ರೆ ಆಗೋದೂ ಇದೇ" ಎಂದ. ಐದು ವೋಲ್ಟಿನ, ಎರಡೂವರೆ ಆಂಪಿಯರಿನ ಸರಿಯಾದ ಚಾರ್ಜರನ್ನು ಗಿಡ್ಡ ವೈರಿನೊಡನೆ ಹಾಕಿದಾಗ ಕಾಯಿಲೆ ವಾಸಿಯಾಯಿತು. ಆ ಕ್ಷಣದಿಂದ ಅವನ ಮುಖದಲ್ಲಿ ಈ ಯಂತ್ರದ ಭಯ ಹೋಯಿತು. ಸ್ಮಾರ್ಟ್ ಕ್ಲಾಸಿನ ಕಂಪನಿಯವರು ತಮ್ಮ ಪೆಟ್ಟಿಗೆಯನ್ನು ಅವನ ಕೈಗೆ ಕೊಡುತ್ತಾರೆಯೇ? ಸ್ಟಿಕ್ಕರು ಹರಿದರೆ ವಾರಂಟಿ ಇಲ್ಲ ಎನ್ನುತ್ತಾರೆ!

ಎರಡನೆಯದು, ಕರೆಂಟು ಹೋದಾಗ ಮೆಮೊರಿ ಕಾರ್ಡು ಹಾಳಾದುದು. ಬರೆಯುತ್ತಿರುವಾಗಲೇ ವಿದ್ಯುತ್ ಕಡಿದರೆ ಕಾರ್ಡಿನ ಲೆಕ್ಕ ತಪ್ಪುತ್ತದೆ. ಇದಕ್ಕೆ ಮದ್ದು ಈ ಯಂತ್ರದಲ್ಲಿಯೇ ಇದೆ: ಕಾರ್ಡನ್ನು ಓದಲು ಮಾತ್ರ ಎಂದು ಬೀಗ ಹಾಕಿ, ಬರೆಯುವುದನ್ನೆಲ್ಲ ತಾತ್ಕಾಲಿಕ ಮೆಮೊರಿಯಲ್ಲಿ ಬರೆಯಿಸುವ ಆಯ್ಕೆ. ಜೊತೆಗೆ ಒಂದು ಪವರ್‌ಬ್ಯಾಂಕ್ ಕಟ್ಟಿದೆವು, ಈಗ ಕರೆಂಟಿಲ್ಲದೆ ಸುಮಾರು ಹನ್ನೆರಡು ಗಂಟೆ ಓಡುತ್ತದೆ. ಮೂರನೆಯದು ವಿನೋದದ ಸಂಗತಿ. ಈ ಹಲಗೆಯಲ್ಲಿ ಗಡಿಯಾರದ ಬ್ಯಾಟರಿ ಇಲ್ಲ, ಸಮಯವನ್ನು ಇಂಟರ್ನೆಟ್ಟಿನಿಂದ ಕೇಳಿ ತಿಳಿಯುತ್ತದೆ. ಇಂಟರ್ನೆಟ್ ಇಲ್ಲದ ನಮ್ಮ ಪೆಟ್ಟಿಗೆ ಪ್ರತಿ ಸಲ ಎದ್ದಾಗಲೂ ಹಿಂದೆ ಮಲಗಿದ ಹೊತ್ತನ್ನೇ ಈಗಿನ ಹೊತ್ತೆಂದು ಹೇಳುತ್ತಿತ್ತು. ಕುಂಭಕರ್ಣ ಎಂದು ಮಕ್ಕಳು ಹೆಸರಿಟ್ಟರು. ಸಣ್ಣ ಗಡಿಯಾರದ ಚಿಪ್ಪೊಂದನ್ನು ತರಿಸಿ ಸೇರಿಸಿದ ಮೇಲೂ ಆ ಹೆಸರು ಮಾತ್ರ ಉಳಿದಿದೆ. ನಾಲ್ಕನೆಯದು, ಫೋನುಗಳ ಹಟಮಾರಿತನ. 'ಈ ವೈ-ಫೈಯಲ್ಲಿ ಇಂಟರ್ನೆಟ್ ಇಲ್ಲ' ಎಂದು ಅವು ಮುನಿದು ಮೊಬೈಲ್ ಡೇಟಾಕ್ಕೆ ಜಿಗಿದುಬಿಡುತ್ತವೆ, ಡೇಟಾ ಆರಿಸಿ ಕೂರಬೇಕು. ಫೋನು ತಯಾರಿಸುವವರಿಗೆ, ಇಂಟರ್ನೆಟ್ ಇಲ್ಲದೆಯೂ ಒಂದು ಜಾಲ ಉಪಯುಕ್ತವಾಗಿರಬಹುದೆಂಬ ಕಲ್ಪನೆಯೇ ಇಲ್ಲವೆಂದು ತೋರುತ್ತದೆ.

ಈ ನಾಲ್ಕು ರಿಪೇರಿಗಳಿಂದ ಊರಿನಲ್ಲಿ ಮೂವರು ಯಂತ್ರ ಬಲ್ಲವರಾದರು. ಹುಡುಗಿ, ಪಂಪ್‌ಸೆಟ್ಟಿನವನು, ಎಂಟನೆಯ ತರಗತಿಯ ಇನ್ನೊಬ್ಬ ಹುಡುಗ. ನಾನು ನಾಲ್ಕನೆಯವನು, ಆದರೆ ನನ್ನ ಕಣ್ಣಿಗೆ ಅಷ್ಟು ಸಣ್ಣ ಅಕ್ಷರ ಕಾಣುವುದಿಲ್ಲ. ಸಿದ್ಧ ಪೆಟ್ಟಿಗೆ ತಂದಿದ್ದರೆ ನಾಲ್ಕು ದೂರುಗಳು ನೋಂದಣಿಯಾಗುತ್ತಿದ್ದುವು, ಅಷ್ಟೇ.

ಇನ್ನೊಂದು ವ್ಯತ್ಯಾಸವನ್ನು ನಾನು ಮೊದಲು ಊಹಿಸಿರಲಿಲ್ಲ. ಕೊಂಡ ಪೆಟ್ಟಿಗೆ ಹೇಳುತ್ತದೆ, ನಾವು ಕೇಳುತ್ತೇವೆ. ನಮ್ಮ ಪೆಟ್ಟಿಗೆಗೆ ನಾವೂ ಹೇಳಬಹುದು. ನಮ್ಮ ಕಡೆಯ ತೋಟದವರು ಮಳೆಯನ್ನು ಇಂಚು-ಸೆಂಟುಗಳಲ್ಲಿ ಅಳೆದು ಬರೆದಿಡುವುದು ನಿಮಗೆ ಗೊತ್ತೇ ಇದೆ. ಹೂಮಳೆ ಎಂದು ಬಂತು, ಎಷ್ಟು ಬಂತು ಎಂಬುದರ ಮೇಲೆ ಕಾಫಿಯ ಫಸಲೇ ನಿಂತಿರುವಾಗ ಬರೆಯದೆ ಏನು ಮಾಡುತ್ತಾರೆ? ಒಂದು ತೋಟದವರು ತಮ್ಮ ಹಳೆಯ ಮಳೆ ಪುಸ್ತಕವನ್ನು ಕೊಟ್ಟರು. ಮಕ್ಕಳು ಅದರ ಅಂಕಿಗಳನ್ನು ಕುಂಭಕರ್ಣನೊಳಗೆ ತುಂಬುತ್ತಿದ್ದಾರೆ. ಅದಕ್ಕಾಗಿ ಬೇರೆಯೊಂದು ಪೆನ್‌ಡ್ರೈವ್ ಚುಚ್ಚಿದ್ದೇವೆ, ಬೀಗ ಕಾರ್ಡಿಗೆ ಮಾತ್ರ. ಸರಾಸರಿ, ನಕ್ಷೆ, ದಶಮಾಂಶ ಎಲ್ಲವನ್ನೂ ನನ್ನ ಪಾಠವಿಲ್ಲದೆಯೇ ಕಲಿಯುತ್ತಿದ್ದಾರೆ. ಲೈನ್ ಮನೆಯ ಹುಡುಗಿಯೊಬ್ಬಳು ತನ್ನ ಅಜ್ಜಿಯ ಮಾತನ್ನು ಫೋನಿನಲ್ಲಿ ಹಿಡಿದು ತಂದು ಹಾಕಿದ್ದಾಳೆ, ಹಿಂದೆ ಆನೆ ಬಂದರೆ ತಮಟೆ ಬಡಿಯುತ್ತಿದ್ದುದರ ಬಗ್ಗೆ. ತುಮಕೂರು ಜಿಲ್ಲೆಯ ದೇವರಾಯನದುರ್ಗದ ಆಸುಪಾಸಿನಲ್ಲಿ 'ಜನಸ್ತು' ಎಂಬ ಸಂಸ್ಥೆಯವರು ಹಳ್ಳಿಯವರೊಡನೆ ಸೇರಿ ಇಂಥದೇ ಸ್ಥಳೀಯ ನಿಸ್ತಂತು ಜಾಲವನ್ನು ಕಟ್ಟಿ, ಊರಿನ ದನಿಗಳನ್ನು ಊರಿನಲ್ಲಿಯೇ ಕೇಳಿಸುವ ಕೆಲಸವನ್ನು ಬಹಳ ಹಿಂದೆಯೇ ಆರಂಭಿಸಿದ್ದಾರೆ. ನಾವು ಹೊಸದೇನನ್ನೂ ಕಂಡುಹಿಡಿದಿಲ್ಲ.

ನನ್ನ ಪಕ್ಷದ ದೋಷಗಳನ್ನೂ ಹೇಳಿಬಿಡುತ್ತೇನೆ, ಇಲ್ಲವಾದರೆ ನೀವು ಹೇಳುತ್ತೀರಿ. ಇದರಲ್ಲಿನ ವಿಕಿಪೀಡಿಯ ನಾವು ಇಳಿಸಿಕೊಂಡ ದಿನದ್ದು, ನಿನ್ನೆಯ ಸುದ್ದಿ ಅದರಲ್ಲಿಲ್ಲ. ಒಳಗಿನ ಪುಟ್ಟ ರೇಡಿಯೋ ಹತ್ತು ಹನ್ನೆರಡು ಫೋನುಗಳಿಗಿಂತ ಹೆಚ್ಚಿಗೆ ಏದುಸಿರು ಬಿಡುತ್ತದೆ, ಇಡೀ ತರಗತಿಗೆ ಬೇಕಾದರೆ ಹಳೆಯ ರೌಟರೊಂದನ್ನು ತಂತಿಯಲ್ಲಿ ಜೋಡಿಸಬೇಕು. ಜಗುಲಿಯಿಂದ ಕಾಫಿ ಕಣದ ಆ ತುದಿಗೆ ಹೋದರೆ ಸಿಗುವುದಿಲ್ಲ, ನಡುವೆ ಒದ್ದೆ ಸೊಪ್ಪಿನ ಬೇಲಿ ಇದ್ದರಂತೂ ಮುಗಿಯಿತು. ಮತ್ತು ಯಾವ ಪೆಟ್ಟಿಗೆಯೂ ಮೇಷ್ಟರ ಬದಲಿಗೆ ನಿಲ್ಲುವುದಿಲ್ಲ. ಒಬ್ಬರೇ ಶಿಕ್ಷಕರಿರುವ ಶಾಲೆಗೆ ಮೊದಲು ಇನ್ನೊಬ್ಬ ಶಿಕ್ಷಕರನ್ನು ಕೇಳಬೇಕು. ಅದಕ್ಕಾಗಿ ನೀವು ಅರ್ಜಿ ಬರೆದರೆ ಮೊದಲ ಸಹಿ ನನ್ನದು.

ಆದರೆ ಹಣ ಸಂಗ್ರಹಿಸುವುದೇ ನಿಜವಾದರೆ ನನ್ನ ಲೆಕ್ಕ ಕೇಳಿ. ಹಾಸನದ ಆ ಕೊಟೇಶನ್ನಿನ ಒಂದು ಸ್ಮಾರ್ಟ್ ಕ್ಲಾಸಿನ ಹಣದಲ್ಲಿ ಹೋಬಳಿಯ ಅಷ್ಟೂ ಪ್ರೌಢಶಾಲೆಗಳಿಗೂ, ಗ್ರಾಮ ಪಂಚಾಯಿತಿಗಳ ಅರಿವು ಕೇಂದ್ರಗಳಿಗೂ ಒಂದೊಂದು ಹಲಗೆ, ಕಾರ್ಡು, ಚಾರ್ಜರು, ಪವರ್‌ಬ್ಯಾಂಕು ಬರುತ್ತದೆ. ಒಂದೇ ಒಂದು ಷರತ್ತು. ಯಾವುದನ್ನೂ ಸಿದ್ಧಪಡಿಸಿ ಕಳುಹಿಸಕೂಡದು. ಖಾಲಿ ಕಾರ್ಡು, ಬಿಚ್ಚಿದ ಹಲಗೆ ಬರಲಿ. ಆಯಾ ಶಾಲೆಯ ಮಕ್ಕಳೇ ಎರಡು ಶನಿವಾರ ಕುಳಿತು ಕಟ್ಟಲಿ, ತಪ್ಪಲಿ, ಮತ್ತೆ ಕಟ್ಟಲಿ. ಪಾಸ್‌ವರ್ಡನ್ನು ಕರಿಹಲಗೆಯ ಮೇಲೆ ಬರೆದಿಡಲಿ. ದಾನಿಗಳ ಹೆಸರು ಅಚ್ಚು ಹಾಕಿಸಲು ಅದರಲ್ಲಿ ಜಾಗವಿಲ್ಲ ಎಂಬುದನ್ನು ಮುಂಚಿತವಾಗಿಯೇ ತಿಳಿಸಿಬಿಡುತ್ತೇನೆ.

ಈ ಮಾತು ಕೆಲವರಿಗೆ ಒರಟೆನಿಸೀತು. ನಿಮ್ಮಲ್ಲಿ ಅನೇಕರು ಇಂದು ದೊಡ್ಡ ದೊಡ್ಡ ಜಾಲಗಳನ್ನು ನಡೆಸುವ ಕಂಪನಿಗಳಲ್ಲಿದ್ದೀರಿ. ನಿಮ್ಮಿಂದ ನಾನು ಹಣಕ್ಕಿಂತ ಎರಡು ಶನಿವಾರಗಳನ್ನು ಕೇಳುತ್ತಿದ್ದೇನೆ, ಅದೇ ನಿಮಗೆ ಕಷ್ಟವೆಂದೂ ಬಲ್ಲೆ.

ದೀಪಾವಳಿಗೆ ಊರಿಗೆ ಬರುವವರು ಒಂದು ದಿನ ಮುಂಚೆ ಬನ್ನಿ. ಬರುವಾಗ ನಿಮ್ಮ ಮನೆಗಳ ಖಾನೆಗಳಲ್ಲಿ ಬಿದ್ದಿರುವ ಹಳೆಯ ಫೋನುಗಳನ್ನು ತನ್ನಿ, ಪರದೆ ಸೀಳಿದ್ದರೂ ಚಿಂತೆಯಿಲ್ಲ. ಮೆಮೊರಿ ಕಾರ್ಡು ತರುವವರು ಒಳ್ಳೆಯ ಅಂಗಡಿಯಲ್ಲಿ ಕೊಳ್ಳಿ, 64 ಎಂದು ಬರೆದು 8 ಕೂಡ ಹಿಡಿಸದ ನಕಲಿಯೊಂದು ಈಗಾಗಲೇ ನಮ್ಮನ್ನು ಮೋಸಗೊಳಿಸಿದೆ. ಅಕಾಲ ಮಳೆ ಬಂದು ಕರೆಂಟು ಹೋದರೆ ಇನ್ನೂ ಒಳ್ಳೆಯದು. ಜಗುಲಿಯಲ್ಲಿ ಕುಳಿತು, ಕತ್ತಲಲ್ಲಿ, ಕುಂಭಕರ್ಣ ಎಚ್ಚರವಾಗಿರುವುದನ್ನು ನೀವೇ ನೋಡಬಹುದು.